ಬಹಾನಗಾ ಬಜಾರ್: ಸಿಗ್ನಲ್ ಹಸಿರು, ಪಾಯಿಂಟ್ ಮಾತ್ರ ಲೂಪಿಗೆ

ಜೂನ್ 2, 2023ರ ಸಂಜೆ, ಏಳು ಗಂಟೆಯ ಹೊತ್ತು. ಜಾಗ ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್ ಸ್ಟೇಷನ್. ಶಾಲಿಮಾರ್‌ನಿಂದ ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಅಲ್ಲಿ ನಿಲುಗಡೆ ಇರಲಿಲ್ಲ. ಸ್ಟೇಷನ್ನಿನ ಒಳಗೆ ಬರಲು ಅನುಮತಿ ಕೊಡುವ ಹೋಂ ಸಿಗ್ನಲ್ ಹಸಿರು ತೋರಿಸುತ್ತಿತ್ತು. ಮೇನ್ ಲೈನಿನಲ್ಲಿ ನೇರ ಹೋಗು, ವೇಗ ಇಳಿಸಬೇಕಾಗಿಲ್ಲ ಅಂತ ಅದರ ಅರ್ಥ. ಆ ಮಾರ್ಗದಲ್ಲಿ ಗಂಟೆಗೆ 130 ಕಿಲೋಮೀಟರ್ ವೇಗಕ್ಕೆ ಅನುಮತಿ ಇತ್ತು, ಗಾಡಿ 128ರಲ್ಲಿ ಬರುತ್ತಿತ್ತು. ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗದ ಮೇಲೆ ಬಂದ ಗಾಡಿ ನೇರ ಹೋಗದೆ ಪಕ್ಕದ ಲೂಪ್ ಲೈನಿಗೆ, ಗಾಡಿಗಳನ್ನು ಬದಿಗೆ ನಿಲ್ಲಿಸುವ ಹಳಿಗೆ, ತಿರುಗಿತು. ಅಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಅದಕ್ಕೆ ಹಿಂದಿನಿಂದ ಹೋಗಿ ಗುದ್ದಿತು. ಅದೇ ಹೊತ್ತಿಗೆ ಪಕ್ಕದ ಲೈನಿನಲ್ಲಿ ಎದುರಿನಿಂದ ಯಶವಂತಪುರ–ಹೌರಾ ಗಾಡಿ ದಾಟುತ್ತಿತ್ತು. ಹಳಿ ತಪ್ಪಿದ ಬೋಗಿಗಳು ಅದರ ಕೊನೆಯ ಬೋಗಿಗಳಿಗೆ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡವರು ಸಾವಿರಕ್ಕೂ ಜಾಸ್ತಿ.

ಆ ವಾರ ಎಲ್ಲರೂ ಡ್ರೈವರ್ ಏನು ಮಾಡಿದ, ಯಾರು ಹಾಳು ಮಾಡಿದರು ಎಂದೇ ಕೇಳುತ್ತಿದ್ದರು. ನನಗೆ ಕಾಡಿದ್ದು ಬೇರೆ ಪ್ರಶ್ನೆ. ಪಾಯಿಂಟ್ ಲೂಪಿಗೆ ತಿರುಗಿರುವಾಗ ಮೇನ್ ಲೈನಿನ ಹಸಿರು ಬರಲೇಬಾರದು. ಬರದಂತೆ ನೋಡಿಕೊಳ್ಳುವುದಕ್ಕಾಗಿಯೇ ಇಂಟರ್‌ಲಾಕಿಂಗ್ ಎಂಬ ವ್ಯವಸ್ಥೆ ಇರುವುದು, ಅದೂ ನೂರೈವತ್ತು ವರ್ಷಕ್ಕೂ ಹಿಂದಿನಿಂದ. ಹಾಗಿದ್ದರೆ ಆ ಹಸಿರು ಬಂದಿದ್ದು ಎಲ್ಲಿಂದ? ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಪಾಯಿಂಟ್ ಮತ್ತು ಸಿಗ್ನಲ್ ಒಂದಕ್ಕೊಂದು ಹೇಗೆ ಕಟ್ಟಿಕೊಂಡಿವೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಪಾಯಿಂಟ್ ಅಂದರೆ ಏನು

ರೈಲಿಗೆ ಸ್ಟೀರಿಂಗ್ ಇಲ್ಲ. ಹಳಿ ಎಲ್ಲಿಗೋ ಗಾಡಿ ಅಲ್ಲಿಗೆ. ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕವಲು ಬೇಕು, ಆ ಕವಲಿನಲ್ಲಿ ಅತ್ತಿತ್ತ ಸರಿಯುವ, ತುದಿ ಚೂಪಾದ ಎರಡು ಹಳಿಗಳಿರುತ್ತವೆ. ಅವನ್ನು ಟಂಗ್ ರೈಲ್ ಅಂತಾರೆ. ಒಂದು ಟಂಗ್ ರೈಲ್ ಪಕ್ಕದ ಸ್ಥಿರ ಹಳಿಗೆ ಅಂಟಿಕೊಂಡರೆ ಇನ್ನೊಂದು ಬಿಟ್ಟುಕೊಂಡಿರುತ್ತದೆ. ಚಕ್ರದ ಅಂಚು ಆ ಸಂದಿಯಲ್ಲಿ ನುಗ್ಗಿ ದಾರಿ ಹಿಡಿಯುತ್ತದೆ. ಸಾಮಾನ್ಯವಾಗಿ ಮೇನ್ ಲೈನಿಗೆ ಇರುವ ಸ್ಥಿತಿಗೆ ನಾರ್ಮಲ್ ಎಂದೂ ಕವಲಿಗೆ ತಿರುಗಿದ್ದಕ್ಕೆ ರಿವರ್ಸ್ ಎಂದೂ ಹೆಸರು.

ಇದನ್ನು ಸರಿಸುವುದು ಹಳಿ ಪಕ್ಕದ ಪಾಯಿಂಟ್ ಮೆಷಿನ್. ಹಳಿ ಬದಿಯಲ್ಲಿ ಬೂದು ಬಣ್ಣದ ಪೆಟ್ಟಿಗೆ ಕಂಡಿರುತ್ತೀರಿ, ಅದೇ. ಅದರ ಕೆಲಸ ಮೂರು. ಮೋಟಾರಿನಿಂದ ಟಂಗ್ ರೈಲನ್ನು ಸರಿಸುವುದು, ಸರಿದ ಮೇಲೆ ಅಲ್ಲಾಡದಂತೆ ಲಾಕ್ ಮಾಡುವುದು, ಆಮೇಲೆ ಸರಿದದ್ದು ನಿಜ, ಲಾಕ್ ಆದದ್ದು ನಿಜ ಎಂದು ವಾಪಸು ಸುದ್ದಿ ಕಳಿಸುವುದು. ಈ ಮೂರನೆಯದಕ್ಕೆ ಡಿಟೆಕ್ಷನ್ ಎನ್ನುತ್ತಾರೆ. ಮೊದಲೆರಡನ್ನು ಎಲ್ಲರೂ ಊಹಿಸಬಲ್ಲರು. ಬಹಾನಗಾದ ಇಡೀ ಕಥೆ ನಿಂತಿರುವುದು ಮೂರನೆಯದರ ಮೇಲೆ.

ಮೋಟಾರಿಗೆ ಕರೆಂಟು ಕೊಟ್ಟ ಮಾತ್ರಕ್ಕೆ ಹಳಿ ಸರಿದಿದೆ ಎಂದು ನಂಬುವ ಹಾಗಿಲ್ಲ. ಮಧ್ಯೆ ಜಲ್ಲಿಕಲ್ಲು ಸಿಕ್ಕಿರಬಹುದು, ರಾಡ್ ಮುರಿದಿರಬಹುದು. ಅದಕ್ಕೇ ಟಂಗ್ ರೈಲಿಗೇ ಜೋಡಿಸಿದ ಬೇರೆ ರಾಡ್‌ಗಳು ಮೆಷಿನ್ ಒಳಗೆ ಬರುತ್ತವೆ. ಹಳಿ ನಿಜವಾಗಿ ಜಾಗಕ್ಕೆ ಬಂದಾಗ ಮಾತ್ರ ಅಲ್ಲಿನ ಕಾಂಟ್ಯಾಕ್ಟ್ ಕೂಡುತ್ತದೆ. ನಮ್ಮಲ್ಲಿ ಇದಕ್ಕೆ ಒಂದು ಪರೀಕ್ಷೆ ಇದೆ: ಟಂಗ್ ರೈಲಿಗೂ ಸ್ಥಿರ ಹಳಿಗೂ ನಡುವೆ 5 ಮಿಲಿಮೀಟರ್ ದಪ್ಪದ ತುಂಡು ಇಟ್ಟು ಪಾಯಿಂಟ್ ತಿರುಗಿಸುತ್ತಾರೆ, ಆಗ ಅದು ಲಾಕ್ ಆಗಬಾರದು, ಡಿಟೆಕ್ಷನ್ನೂ ಬರಬಾರದು. 5 ಮಿಲಿಮೀಟರ್ ಸಂದಿಯನ್ನೂ ಬಿಟ್ಟುಕೊಡದಷ್ಟು ಕಟ್ಟುನಿಟ್ಟು ಅಂದರೆ ನೋಡಿ.

ಹಸಿರಿಗೆ ಮುಂಚೆ ಏನೇನು ಆಗಬೇಕು

ಸ್ಟೇಷನ್ ಮಾಸ್ಟರ್ ಯಾವ ಸಿಗ್ನಲಿನಿಂದ ಯಾವ ಲೈನಿಗೆ ಗಾಡಿ ಬರಬೇಕು ಎಂದು ಪ್ಯಾನೆಲ್ ಎಂಬ ನಿಯಂತ್ರಣ ಫಲಕದ ಮೇಲೆ ಹೇಳುತ್ತಾರೆ. ಅಷ್ಟೇ ಅವರ ಕೈಯಲ್ಲಿರುವುದು. ಸಿಗ್ನಲ್ಲನ್ನು ನೇರವಾಗಿ ಹಸಿರು ಮಾಡುವ ಗುಂಡಿ ಅವರ ಹತ್ತಿರ ಇಲ್ಲ. ಉಳಿದದ್ದನ್ನು ಇಂಟರ್‌ಲಾಕಿಂಗ್ ನೋಡಿಕೊಳ್ಳುತ್ತದೆ.

ಹೋಗಬೇಕಾದ ಹಳಿ ಖಾಲಿ ಇದೆಯೇ ಎಂದು ಅದು ಮೊದಲು ನೋಡುತ್ತದೆ. ಇದಕ್ಕೆ ಟ್ರ್ಯಾಕ್ ಸರ್ಕ್ಯೂಟ್ ಇದೆ. ಎರಡು ಹಳಿಗಳಲ್ಲಿ ಸಣ್ಣ ಪ್ರಮಾಣದ ಕರೆಂಟು ಹರಿಸಿ ಇನ್ನೊಂದು ತುದಿಯಲ್ಲಿ ಒಂದು ರಿಲೇಯನ್ನು, ಅಂದರೆ ಕರೆಂಟು ಇರುವವರೆಗೆ ಎದ್ದು ನಿಲ್ಲುವ ಸ್ವಿಚ್ಚನ್ನು, ಎತ್ತಿ ಹಿಡಿದಿರುತ್ತಾರೆ. ಗಾಡಿ ಬಂದು ನಿಂತರೆ ಚಕ್ರ ಮತ್ತು ಆಕ್ಸಲ್ ಎರಡೂ ಹಳಿಯನ್ನು ಕೂಡಿಸಿಬಿಡುತ್ತವೆ, ಕರೆಂಟು ರಿಲೇವರೆಗೆ ಹೋಗುವುದಿಲ್ಲ, ರಿಲೇ ಬೀಳುತ್ತದೆ, ಹಳಿಯಲ್ಲಿ ಗಾಡಿ ಇದೆ ಎಂದು ಗೊತ್ತಾಗುತ್ತದೆ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಇದನ್ನು ಈ ರೂಪಕ್ಕೆ ತಂದ. ಈಗ ಹಲವು ಕಡೆ ಚಕ್ರ ಎಣಿಸುವ ಆಕ್ಸಲ್ ಕೌಂಟರ್ ಬಂದಿದೆ.

ಇದರ ಜೊತೆಗೆ, ಈಗ ಕೇಳಿದ ದಾರಿಗೆ ಅಡ್ಡ ಬರುವ ಬೇರೆ ದಾರಿಯನ್ನು ಯಾರಿಗಾದರೂ ಆಗಲೇ ಕೊಟ್ಟಿದೆಯೇ ಎಂದು ನೋಡುತ್ತದೆ. ಕೊಟ್ಟಿದ್ದರೆ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಪಾಯಿಂಟ್‌ಗಳನ್ನು ಬೇಕಾದ ಕಡೆ ತಿರುಗಿಸುತ್ತದೆ, ತಿರುಗಿದ ಸುದ್ದಿ ಬರುವವರೆಗೆ ಕಾಯುತ್ತದೆ, ಬಂದ ಮೇಲೆ ದಾರಿಯನ್ನು ಬಿಗಿಯುತ್ತದೆ. ದಾರಿಯಲ್ಲಿ ಗೇಟ್ ಇದ್ದರೆ ಅದು ಮುಚ್ಚಿ ಲಾಕ್ ಆಗಿರಬೇಕು. ಕೊನೆಗೆ ಸಿಗ್ನಲ್. ಒಮ್ಮೆ ಸಿಗ್ನಲ್ ಬಿಟ್ಟ ಮೇಲೆ ಮಾಸ್ಟರ್ ಮನಸ್ಸು ಬದಲಿಸಿ ರದ್ದು ಮಾಡಿದರೂ ಪಾಯಿಂಟ್ ತಕ್ಷಣ ಸಡಿಲವಾಗುವುದಿಲ್ಲ. ನಮ್ಮಲ್ಲಿ 120 ಸೆಕೆಂಡ್ ಕಾಯಬೇಕು, ಯಾಕೆಂದರೆ ಹಸಿರು ನೋಡಿ ಬರುತ್ತಿರುವ ಗಾಡಿ ಅಷ್ಟರಲ್ಲಿ ನಿಂತಿರಬೇಕು ಅಥವಾ ದಾಟಿರಬೇಕು.

ಲೂಪಿಗೆ ಹೋಗುವ ಗಾಡಿಗೆ ಹಸಿರು ಕೊಡುವುದಿಲ್ಲ. ಹೋಂ ಸಿಗ್ನಲ್ ಹಳದಿ ಇರುತ್ತದೆ, ಅದರ ಮೇಲೆ ಸಾಲಾಗಿ ಬಿಳಿ ದೀಪಗಳು ಹತ್ತಿ ಯಾವ ಕಡೆ ತಿರುಗುತ್ತೀಯ ಎಂದು ತೋರಿಸುತ್ತವೆ. ಲೋಕೋ ಪೈಲಟ್ ಅದನ್ನು ನೋಡಿ ಗಂಟೆಗೆ 30 ಕಿಲೋಮೀಟರ್ ಅಥವಾ ಅದಕ್ಕೂ ಕಡಿಮೆಗೆ ಇಳಿದಿರುತ್ತಾರೆ. ಆ ಸಂಜೆ ಬಿಳಿ ದೀಪವಿಲ್ಲ, ಹಳದಿಯಿಲ್ಲ. ಅವರಿಗೆ ಹೇಳಿದ್ದು ನೇರ ಹೋಗು ಎಂದು, ಅವರು ನೇರ ಹೋಗುವ ವೇಗದಲ್ಲೇ ಬಂದರು. 128 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 35 ಮೀಟರ್. ಅಷ್ಟು ವೇಗದ ಗಾಡಿ ಪೂರ್ತಿ ಬ್ರೇಕ್ ಹಾಕಿದರೂ ನಿಲ್ಲಲು ಕಿಲೋಮೀಟರ್ ಲೆಕ್ಕದ ದೂರ ಬೇಕು. ಪಾಯಿಂಟ್ ಯಾವ ಕಡೆ ತಿರುಗಿದೆ ಎಂದು ಕಣ್ಣಿಗೆ ಕಾಣುವುದು ಅದರ ಹತ್ತಿರ ಬಂದಾಗ. ಹಾಗಾಗಿ ಲೋಕೋ ಪೈಲಟ್ ಮೇಲೆ ಬೆರಳು ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಸಿಗ್ನಲ್ ನಂಬುವುದೇ ಅವರ ಕೆಲಸ.

ಇನ್ನೊಂದು ಅನುಮಾನ ಬರಬಹುದು. ಲೂಪಿನಲ್ಲಿ ಗೂಡ್ಸ್ ಗಾಡಿ ನಿಂತಿರುವುದು ವ್ಯವಸ್ಥೆಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೆ ಮೇನ್ ಲೈನ್ ದಾರಿಗೆ ಲೂಪ್ ಖಾಲಿ ಇರಬೇಕಾದ ಅಗತ್ಯ ಇಲ್ಲ. ಗೂಡ್ಸ್ ಗಾಡಿಯನ್ನು ಲೂಪಿಗೆ ಹಾಕಿ ಎಕ್ಸ್‌ಪ್ರೆಸ್‌ಗೆ ದಾರಿ ಬಿಡುವುದಕ್ಕೇ ಲೂಪ್ ಇರುವುದು. ಮೇನ್ ಲೈನ್ ಖಾಲಿ, ಪಾಯಿಂಟ್ ಮೇನ್ ಲೈನಿಗೇ ಇದೆ ಎಂಬ ಸುದ್ದಿ ಬಂದಿದೆ. ಇಷ್ಟರ ಮೇಲೆ ಹಸಿರು ಕೊಟ್ಟಿದ್ದು ಇಂಟರ್‌ಲಾಕಿಂಗ್ ಲೆಕ್ಕದಲ್ಲಿ ಸರಿಯೇ. ತಪ್ಪಿದ್ದು ಅದಕ್ಕೆ ಬಂದ ಸುದ್ದಿ.

ಪಾಯಿಂಟ್ ಮತ್ತು ಪಾಯಿಂಟಿನ ಸುದ್ದಿ

ಸಿಗ್ನಲ್ ವ್ಯವಸ್ಥೆಯ ಬಗ್ಗೆ ಮಾತಾಡುವಾಗ ಜನ ಜಾಸ್ತಿ ಗಮನಿಸದ ವಿಷಯ ಇದು. ಇಂಟರ್‌ಲಾಕಿಂಗ್‌ಗೆ ಕಣ್ಣಿಲ್ಲ. ಅದು ಪಾಯಿಂಟನ್ನು ನೋಡುವುದಿಲ್ಲ. ಪಾಯಿಂಟ್ ಮೆಷಿನ್ ಒಳಗಿನ ಕಾಂಟ್ಯಾಕ್ಟ್ ದಾಟಿ, ಹಳಿ ಬದಿಯಲ್ಲಿ ತಂತಿಗಳು ಕೂಡುವ ಲೊಕೇಷನ್ ಬಾಕ್ಸ್ ದಾಟಿ, ಸಿಗ್ನಲ್ ಉಪಕರಣ ಇಡುವ ಸಣ್ಣ ಕೋಣೆಯಾದ ಗುಮ್ಟಿ ದಾಟಿ, ರಿಲೇ ರೂಂವರೆಗೆ ಬರುವ ಒಂದು ತಂತಿಯಲ್ಲಿ ಕರೆಂಟು ಇದ್ದರೆ ಪಾಯಿಂಟ್ ನಾರ್ಮಲ್ ಇದೆ ಎಂದು ತಿಳಿಯುತ್ತದೆ. ಇಲ್ಲದಿದ್ದರೆ ಇಲ್ಲ. ಹಳಿಯ ಬಳಿ 5 ಮಿಲಿಮೀಟರ್‌ವರೆಗೆ ಅಳೆದು ನೋಡುವ ಕಟ್ಟುನಿಟ್ಟು ಈ ದಾರಿಯ ಉದ್ದಕ್ಕೂ ಇದ್ದಾಗ ಮಾತ್ರ ಆ ಸುದ್ದಿಗೆ ಬೆಲೆ.

ರೈಲ್ವೆಯವರು ಈ ತಂತಿಯ ಬಗ್ಗೆ ಯೋಚಿಸಿಲ್ಲ ಅಂತಲ್ಲ. ಫೇಲ್ ಸೇಫ್ ಎಂಬ ತತ್ವ ಇದೆ: ಏನೇ ಕೆಟ್ಟರೂ ಸಿಗ್ನಲ್ ಕೆಂಪಾಗಬೇಕು. ತಂತಿ ತುಂಡಾದರೆ ಕರೆಂಟು ಹೋಗುತ್ತದೆ, ರಿಲೇ ಬೀಳುತ್ತದೆ, ಕೆಂಪು. ಬ್ಯಾಟರಿ ಸತ್ತರೆ ಕೆಂಪು. ಫ್ಯೂಸ್ ಹೋದರೆ ಕೆಂಪು. ಕಾಂಟ್ಯಾಕ್ಟ್ ಕೂಡದಿದ್ದರೆ ಕೆಂಪು. ಬಹಳ ಚೆನ್ನಾಗಿ ಯೋಚಿಸಿ ಮಾಡಿದ ವ್ಯವಸ್ಥೆ, ದಿನವೂ ಕೋಟ್ಯಂತರ ಜನ ಇದರ ನಂಬಿಕೆಯ ಮೇಲೆ ಓಡಾಡುತ್ತಾರೆ.

ಆದರೆ ಇದು ಕಾಯುವುದು ಕರೆಂಟು ಇಲ್ಲದಾಗುವ ತೊಂದರೆಯನ್ನು. ಬರಬಾರದ ಕಡೆಯಿಂದ ಕರೆಂಟು ಬಂದರೆ? ಪಾಯಿಂಟಿನ ಕಾಂಟ್ಯಾಕ್ಟ್ ದಾಟದೆಯೇ, ನಡುದಾರಿಯ ಯಾವುದೋ ಟರ್ಮಿನಲ್‌ನಲ್ಲಿ ಬೇರೆ ಸಪ್ಲೈ ಸೇರಿಕೊಂಡರೆ ರಿಲೇ ಎದ್ದೇ ಇರುತ್ತದೆ. ಹಳಿ ಎತ್ತ ತಿರುಗಿದ್ದರೂ ಪ್ಯಾನೆಲ್ ನಾರ್ಮಲ್ ಎನ್ನುತ್ತದೆ. ಕೆಟ್ಟುಹೋದದ್ದು ತಾನಾಗಿ ಹೀಗಾಗುವುದು ತೀರಾ ಅಪರೂಪ, ಕೇಬಲ್‌ಗಳನ್ನು, ಸಪ್ಲೈಗಳನ್ನು ಬೇರೆ ಬೇರೆ ಇಟ್ಟು ಅದಕ್ಕೂ ಎಚ್ಚರಿಕೆ ತೆಗೆದುಕೊಂಡಿರುತ್ತಾರೆ. ಇದು ಆಗುವುದು ಮುಖ್ಯವಾಗಿ ಮನುಷ್ಯರು ಬಾಕ್ಸ್ ತೆರೆದು ತಂತಿ ಬದಲಿಸುವಾಗ.

ಬಹಾನಗಾದ ಬಾಕ್ಸಿನಲ್ಲಿ ಆಗಿದ್ದು

ತನಿಖೆ ಮಾಡಿದ್ದು ರೈಲ್ವೆ ಸುರಕ್ಷತಾ ಆಯುಕ್ತರು. ಅವರು ಕಂಡುಕೊಂಡದ್ದನ್ನು ರೈಲ್ವೆ ಸಚಿವರು ಜುಲೈ 2023ರಲ್ಲಿ ರಾಜ್ಯಸಭೆಗೆ ತಿಳಿಸಿದರು. ಸಾರ ಇಷ್ಟು. ಸ್ಟೇಷನ್ನಿನ ಉತ್ತರ ಬದಿಯ ಸಿಗ್ನಲ್ ಗುಮ್ಟಿಯಲ್ಲಿ ಹಿಂದೆ ಸರ್ಕ್ಯೂಟ್ ಬದಲಿಸಿದಾಗ ಲೋಪ ಆಗಿತ್ತು. ಅಪಘಾತದ ದಿನ 94ನೇ ನಂಬರಿನ ಲೆವೆಲ್ ಕ್ರಾಸಿಂಗ್ ಗೇಟಿನಲ್ಲಿ ವಿದ್ಯುತ್ತಿನಿಂದ ಏಳುವ, ಇಳಿಯುವ ತಡೆಗಂಬ ಬದಲಿಸುವುದಕ್ಕೆ ಸಂಬಂಧಿಸಿದ ಸಿಗ್ನಲ್ ಕೆಲಸದಲ್ಲಿ ಮತ್ತೆ ಲೋಪ ಆಯಿತು. ಎರಡೂ ಸೇರಿ, 17ಎ/ಬಿ ಎಂಬ ಕ್ರಾಸ್‌ಓವರ್ ಲೂಪಿಗೆ ತಿರುಗಿದ್ದರೂ ಕೋರಮಂಡಲ್ ಬರುತ್ತಿದ್ದ ಅಪ್ ಲೈನಿನ ಹೋಂ ಸಿಗ್ನಲ್ ಮೇನ್ ಲೈನಿಗೆ ಹಸಿರು ತೋರಿಸಿತು.

ಕ್ರಾಸ್‌ಓವರ್ ಅಂದರೆ ಎರಡು ಲೈನುಗಳನ್ನು ಸೇರಿಸುವ ಅಡ್ಡಹಳಿ. ಎರಡು ತುದಿಗೆ ಎರಡು ಪಾಯಿಂಟ್, 17ಎ ಮತ್ತು 17ಬಿ. ಎರಡೂ ಒಟ್ಟಿಗೆ ತಿರುಗಬೇಕು, ಎರಡರ ಡಿಟೆಕ್ಷನ್ನೂ ಬಂದರೆ ಮಾತ್ರ ಸಿಗ್ನಲ್.

ಹಿಂದಿನ ಲೋಪ ಏನೆಂದರೆ ಹೆಸರು. ಲೊಕೇಷನ್ ಬಾಕ್ಸಿನೊಳಗೆ ಸಾಲುಸಾಲಾಗಿ ಟರ್ಮಿನಲ್‌ಗಳಿರುತ್ತವೆ, ಪ್ರತಿಯೊಂದಕ್ಕೂ ಅದು ಯಾವ ಸರ್ಕ್ಯೂಟಿನದು ಎಂದು ಅಕ್ಷರಗಳಲ್ಲಿ ಗುರುತು ಹಾಕಿರುತ್ತಾರೆ. ಕೆಲಸ ಮಾಡುವವರು ಆ ಗುರುತನ್ನೂ ಕೈಯಲ್ಲಿರುವ ವೈರಿಂಗ್ ನಕ್ಷೆಯನ್ನೂ ನೋಡಿಕೊಂಡು ತಂತಿ ಮುಟ್ಟುತ್ತಾರೆ. ಬಹಾನಗಾದಲ್ಲಿ ಗುರುತು ಒಂದು ಹೇಳುತ್ತಿತ್ತು, ಟರ್ಮಿನಲ್‌ನಲ್ಲಿ ಇದ್ದದ್ದು ಇನ್ನೊಂದು. ತಪ್ಪು ಗುರುತು ವರ್ಷಗಟ್ಟಲೆ ಹಾಗೇ ಉಳಿದಿತ್ತು. ಅಷ್ಟು ವರ್ಷ ಗಾಡಿಗಳು ಸರಿಯಾಗಿಯೇ ಓಡಿದವು, ಯಾಕೆಂದರೆ ಕರೆಂಟಿಗೆ ಹೆಸರು ಓದಲು ಬರುವುದಿಲ್ಲ. ತಂತಿ ಎಲ್ಲಿ ಸೇರಿದೆಯೋ ಅಲ್ಲಿ ಅದು ಹರಿಯುತ್ತದೆ. ಹೆಸರು ಓದುವುದು ಮನುಷ್ಯ, ಅದೂ ಬಾಕ್ಸ್ ತೆರೆದ ದಿನ.

ಆ ದಿನ ಜೂನ್ 2. ಗೇಟಿನ ಕೆಲಸಕ್ಕೆ ಬಂದವರು ತಾವು ಗೇಟಿನ ಸರ್ಕ್ಯೂಟ್ ಮುಟ್ಟುತ್ತಿದ್ದೇವೆ ಎಂದುಕೊಂಡರು. ಅವರು ಮುಟ್ಟಿದ ಜಾಗದಲ್ಲಿ 17ರ ಸುದ್ದಿ ಹೋಗುವ ದಾರಿ ಇತ್ತು. 94ನೇ ಗೇಟಿನ ಕೆಲಸಕ್ಕೆ 79ನೇ ಗೇಟಿನ ಸರ್ಕ್ಯೂಟ್ ನಕ್ಷೆ ಬಳಸಿದ್ದರು ಎಂದು ಸಿಬಿಐ ಆಮೇಲೆ ಕೋರ್ಟಿಗೆ ಹೇಳಿತು. ಜುಲೈಯಲ್ಲಿ ಮೂವರು ಸಿಬ್ಬಂದಿಯನ್ನು ಬಂಧಿಸಿತು. ಅವರ ಮೇಲಿನ ಆರೋಪದ ವಿಚಾರ ಕೋರ್ಟಿಗೆ ಬಿಟ್ಟದ್ದು, ನಾನು ಅದರೊಳಗೆ ಹೋಗುವುದಿಲ್ಲ.

ಸಿಗ್ನಲ್ ಕೆಲಸ ಶುರು ಮಾಡುವ ಮುಂಚೆ ಸ್ಟೇಷನ್ ಮಾಸ್ಟರ್‌ಗೆ ಡಿಸ್ಕನೆಕ್ಷನ್ ಮೆಮೊ ಕೊಡಬೇಕು. ಇಂತಿಂಥ ಉಪಕರಣ ಬಿಚ್ಚುತ್ತಿದ್ದೇವೆ, ಅದನ್ನು ನಂಬಬೇಡಿ ಎಂದು ಅದರ ಅರ್ಥ. ಕೆಲಸ ಮುಗಿಸಿ, ಪರೀಕ್ಷೆ ಮಾಡಿ, ಸರಿಯಿದೆ ಎಂದು ಖಾತ್ರಿಯಾದ ಮೇಲೆ ರೀಕನೆಕ್ಷನ್. ಟಿ/351 ಎಂಬ ಫಾರ್ಮು ಇದಕ್ಕೇ ಇದೆ. ಆ ಸಹಿ ಬಿದ್ದ ಕ್ಷಣದಿಂದ ಮಾಸ್ಟರ್ ಪ್ಯಾನೆಲ್ಲನ್ನು ನಂಬುತ್ತಾರೆ, ಲೋಕೋ ಪೈಲಟ್ ಸಿಗ್ನಲ್ಲನ್ನು ನಂಬುತ್ತಾರೆ, ಒಳಗೆ ಕೂತ ಸಾವಿರಾರು ಜನ ಇದ್ಯಾವುದೂ ಗೊತ್ತಿಲ್ಲದೆ ಎಲ್ಲರನ್ನೂ ನಂಬುತ್ತಾರೆ. ಅದಕ್ಕೇ ಆ ಸಹಿಗೆ ಮುಂಚೆ ನಡೆಯುವ ಪರೀಕ್ಷೆ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದ ಕೆಲಸ ಅಂತ ನನ್ನ ಅಭಿಪ್ರಾಯ.

ವರದಿಯಲ್ಲಿ ಸ್ಟೇಷನ್ನಿನವರ ಬಗ್ಗೆಯೂ ಒಂದು ಮಾತಿದೆ. ಎರಡು ಲೈನು ಸೇರಿಸುವ ಆ ಪಾಯಿಂಟ್‌ಗಳು ಮತ್ತೆ ಮತ್ತೆ ವಿಚಿತ್ರವಾಗಿ ವರ್ತಿಸಿದ್ದನ್ನು ಸಿಗ್ನಲ್ ಸಿಬ್ಬಂದಿಗೆ ತಿಳಿಸಿದ್ದರೆ ಸರಿಪಡಿಸಬಹುದಿತ್ತು ಎಂದು. ಇದು ನಿಜ. ಆದರೆ ಒಂದಾದ ಮೇಲೊಂದು ಗಾಡಿ ಬರುವ ಲೈನಿನಲ್ಲಿ ಕೂತವರಿಗೆ ಒಂದು ಸಲ ಮಿನುಗಿ ಸರಿಹೋದ ದೀಪವನ್ನು ಬರೆದಿಡುವ ರೂಢಿ ಬೆಳೆಯಬೇಕಾದರೆ, ಬರೆದವರನ್ನು ಯಾಕೆ ಗಾಡಿ ತಡ ಮಾಡಿದೆ ಎಂದು ಕೇಳುವುದು ನಿಲ್ಲಬೇಕು.

ಮುಂಚೆಯೇ ಬಂದಿದ್ದ ಎರಡು ಸೂಚನೆ

ನನಗೆ ತುಂಬಾ ಸಂಕಟ ಆಗುವುದು ಇಲ್ಲಿ. ಅದೇ ಖರಗ್‌ಪುರ ವಿಭಾಗದ ಬಾಂಕ್ರಾನಯಾಬಾಜ್ ಸ್ಟೇಷನ್ನಿನಲ್ಲಿ 2022ರ ಮೇ 16ರಂದು ತಪ್ಪು ವೈರಿಂಗ್ ಮತ್ತು ಕೇಬಲ್ ದೋಷದಿಂದ ಇಂಥದ್ದೇ ಘಟನೆ ಆಗಿತ್ತು. ಆಗಲೇ ತಪ್ಪು ವೈರಿಂಗ್ ಹುಡುಕಿ ತಿದ್ದುವ ಕೆಲಸ ಮಾಡಿದ್ದರೆ ಬಹಾನಗಾ ಆಗುತ್ತಿರಲಿಲ್ಲ ಎಂದು ವರದಿಯೇ ಹೇಳಿದೆ.

ಇನ್ನೊಂದು ನಮ್ಮ ರಾಜ್ಯದ್ದೇ. 2023ರ ಫೆಬ್ರವರಿ 8ರಂದು, ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತು. ಪಾಯಿಂಟ್ ತಪ್ಪು ಲೈನಿಗೆ ತಿರುಗಿರುವುದು ಲೋಕೋ ಪೈಲಟ್ ಕಣ್ಣಿಗೆ ಬಿತ್ತು, ಪಾಯಿಂಟಿಗಿಂತ ಮುಂಚೆಯೇ ಗಾಡಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣೆ ವ್ಯವಸ್ಥಾಪಕರು ಪತ್ರ ಬರೆದರು. ಪ್ಯಾನೆಲ್‌ನಲ್ಲಿ ದಾರಿ ಸರಿಯಾಗಿ ಕಾಣುತ್ತಿದ್ದು, ಗಾಡಿ ಹೊರಟ ಮೇಲೆ ದಾರಿ ಬದಲಾಗುತ್ತದೆ ಎಂದರೆ ವ್ಯವಸ್ಥೆಯಲ್ಲಿ ಗಂಭೀರ ದೋಷ ಇದೆ, ತಕ್ಷಣ ಸರಿಪಡಿಸಬೇಕು ಎಂದು ಎಚ್ಚರಿಸಿದ್ದರು. ಅದಾಗಿ ನಾಲ್ಕು ತಿಂಗಳು ತುಂಬುವ ಮುಂಚೆಯೇ ಬಹಾನಗಾ ಆಯಿತು.

ಎರಡರ ನಡುವೆ ಇದ್ದ ವ್ಯತ್ಯಾಸ ವೇಗ. ಹೊಸದುರ್ಗ ರೋಡಿನಲ್ಲಿ ಗಾಡಿ ಸ್ಟೇಷನ್ನಿನಿಂದ ಹೊರಡುತ್ತಿತ್ತು, ಹಳಿ ನೋಡಲು, ನೋಡಿ ನಿಲ್ಲಿಸಲು ಸಮಯ ಸಿಕ್ಕಿತು. ಬಹಾನಗಾದಲ್ಲಿ ಅದು ಸಿಗಲಿಲ್ಲ. ಯಾರೂ ಸಾಯದ ಘಟನೆ ಸುದ್ದಿಯಾಗುವುದಿಲ್ಲ, ಫೈಲ್ ಆಗುತ್ತದೆ. ಅದನ್ನು 300 ಜನ ಸತ್ತ ಘಟನೆಯಷ್ಟೇ ತೂಕ ಕೊಟ್ಟು ನೋಡಬೇಕಿತ್ತು.

ಬೇರೆ ಕಡೆಯೂ ಇದೇ

ಸುಮ್ನೆ ನಮ್ಮವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಂ ಜಂಕ್ಷನ್ ಬಳಿ ನಿಂತಿದ್ದ ಗಾಡಿಗೆ ಹಿಂದಿನಿಂದ ಇನ್ನೊಂದು ಗುದ್ದಿ 35 ಜನ ಸತ್ತರು. ಹಳೆ ವೈರಿಂಗ್ ತೆಗೆದು ಹೊಸದು ಹಾಕುತ್ತಿದ್ದರು. ಹಳೆಯ ಒಂದು ತಂತಿಯನ್ನು ಒಂದು ತುದಿಯಲ್ಲಿ ಬಿಚ್ಚಿದರೂ ಕತ್ತರಿಸಿ ಪಕ್ಕಕ್ಕೆ ಕಟ್ಟಿರಲಿಲ್ಲ. ಅದು ಹೋಗಿ ತನ್ನ ಹಳೆ ಟರ್ಮಿನಲ್ಲಿಗೇ ತಾಗಿತು, ಬರಬಾರದ ಕರೆಂಟು ಬಂತು, ಮುಂದೆ ಗಾಡಿ ನಿಂತಿದ್ದರೂ ಸಿಗ್ನಲ್ ಕೆಂಪಾಗಲಿಲ್ಲ. ಆ ತಂತಿ ಕೆಲಸ ಮಾಡಿದ ತಂತ್ರಜ್ಞನಿಗೆ ಹಿಂದಿನ 13 ವಾರಗಳಲ್ಲಿ ಸಿಕ್ಕಿದ್ದ ರಜೆ ಒಂದೇ ದಿನ. ಮುಗಿದ ಕೆಲಸವನ್ನು ಬೇರೊಬ್ಬರು ತಂತಿ ಎಣಿಸಿ ನೋಡಬೇಕಿತ್ತು, ನೋಡಿರಲಿಲ್ಲ. ತನಿಖೆಯಿಂದ 93 ಶಿಫಾರಸು ಬಂದವು.

ಇಷ್ಟಾದ ಮೇಲೂ 2017ರ ಆಗಸ್ಟ್ 15ರಂದು ಅದೇ ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ಬಹಾನಗಾದಂಥದ್ದೇ ತಪ್ಪು ಆಯಿತು. ಪರೀಕ್ಷೆಗೆ ಎಂದು ಪಾಯಿಂಟ್ ಡಿಟೆಕ್ಷನ್ ಸರ್ಕ್ಯೂಟಿಗೆ ಹಾಕಿದ್ದ ಹೆಚ್ಚುವರಿ ತಂತಿ ಹಾಗೇ ಉಳಿದಿತ್ತು. ಪಾಯಿಂಟ್ ಸರಿಯಾದ ಜಾಗದಲ್ಲಿ ಇರಲಿಲ್ಲ, ವ್ಯವಸ್ಥೆ ಇದೆ ಎಂದಿತು. ಹೊರಟ ಗಾಡಿ ಪಕ್ಕದ ಹಳಿಯಲ್ಲಿ ನಿಂತಿದ್ದ ಕಾಮಗಾರಿ ಗಾಡಿಗೆ ತಾಗಿತು. ನಿಧಾನದಲ್ಲಿದ್ದ ಕಾರಣ ಯಾರಿಗೂ ಪೆಟ್ಟಾಗಲಿಲ್ಲ. ಕ್ಲ್ಯಾಪಂನ ಪಾಠ ಮರೆಯುತ್ತಿದ್ದೇವೆ ಎಂದು ಅಲ್ಲಿನ ತನಿಖಾ ಸಂಸ್ಥೆ ಎಚ್ಚರಿಸಿತು.

ಕವಚ್ ಇದ್ದಿದ್ದರೆ?

ಅಪಘಾತ ಆದ ಕೂಡಲೇ ಬಂದ ಪ್ರಶ್ನೆ ಇದು. ಆ ಮಾರ್ಗದಲ್ಲಿ ಕವಚ್ ಇನ್ನೂ ಬಂದಿರಲಿಲ್ಲ. ಲೋಕೋ ಪೈಲಟ್ ಕೆಂಪು ದಾಟಿದರೆ, ಮಿತಿ ಮೀರಿ ಓಡಿಸಿದರೆ ಕವಚ್ ತಾನೇ ಬ್ರೇಕ್ ಹಾಕುತ್ತದೆ, ಅದು ಬೇಕೇ ಬೇಕು, ಬೇಗ ಬರಬೇಕು. ಆದರೆ ಕವಚ್‌ಗೆ ಸಿಗ್ನಲ್ ಯಾವ ಬಣ್ಣ ಎಂಬ ಮಾಹಿತಿ ಬರುವುದು ಸ್ಟೇಷನ್ನಿನ ಇಂಟರ್‌ಲಾಕಿಂಗ್‌ನಿಂದಲೇ. ಆ ಸಂಜೆ ಇಂಟರ್‌ಲಾಕಿಂಗ್ ಕವಚ್‌ಗೂ ಹಸಿರು ಎಂದೇ ಹೇಳುತ್ತಿತ್ತು. ಪಾಯಿಂಟ್ ದಾಟಿ ಲೂಪಿಗೆ ಬಂದ ಮೇಲೆ ಎಚ್ಚರ ಬಂದಿದ್ದರೂ ಆ ವೇಗದಲ್ಲಿ ಉಳಿದ ದೂರ ಸಾಲುತ್ತಿರಲಿಲ್ಲ. ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಬಂದರೆ ಇಂಥದ್ದು ಆಗುವುದಿಲ್ಲ ಎಂದು ಹೇಳುವವರೂ ಇದ್ದಾರೆ, ಬಹಾನಗಾದಲ್ಲಿ ಇದ್ದದ್ದು ಎಲೆಕ್ಟ್ರಾನಿಕ್ಕೇ. ಒಳಗಿನ ಲೆಕ್ಕ ಕಂಪ್ಯೂಟರಿನದು, ಅದಕ್ಕೆ ಸುದ್ದಿ ತರುವುದು ಆಗಲೂ ಈಗಲೂ ತಂತಿ ಮತ್ತು ಟರ್ಮಿನಲ್.

ಪರೀಕ್ಷೆಯ ವ್ಯಾಪ್ತಿ ಯಾರು ನಿರ್ಧರಿಸುತ್ತಾರೆ

ಅಪಘಾತದ ನಂತರ ರೈಲ್ವೆ ಮಂಡಳಿ ರಿಲೇ ರೂಂ, ಗುಮ್ಟಿಗಳಿಗೆ ಎರಡು ಬೀಗದ ವ್ಯವಸ್ಥೆ ಸರಿಯಾಗಿದೆಯೇ ಎಂದು ಎಲ್ಲ ಕಡೆ ತಪಾಸಣೆ ಮಾಡಿಸಿತು. ಒಂದು ಕೀಲಿ ಸ್ಟೇಷನ್ನಿನವರ ಬಳಿ, ಇನ್ನೊಂದು ಸಿಗ್ನಲ್‌ನವರ ಬಳಿ ಇರುತ್ತದೆ, ಒಬ್ಬರಿಗೆ ತಿಳಿಯದೆ ಇನ್ನೊಬ್ಬರು ತೆರೆಯುವಂತಿಲ್ಲ. ಒಳ್ಳೆಯದೇ. ಆದರೆ ಬಹಾನಗಾದಲ್ಲಿ ನಡೆದದ್ದು ಹೇಳಿ ಕೇಳಿ ಮಾಡಿದ ಕೆಲಸ. ಬೀಗ ಅದನ್ನು ತಡೆಯುತ್ತಿರಲಿಲ್ಲ.

ಸುರಕ್ಷತಾ ಆಯುಕ್ತರ ಶಿಫಾರಸುಗಳು ವಿಷಯದ ಬುಡಕ್ಕೆ ಹೋಗುತ್ತವೆ. ಸ್ಥಳದಲ್ಲಿರುವ ವೈರಿಂಗ್ ನಕ್ಷೆ, ದಾಖಲೆ, ಟರ್ಮಿನಲ್ ಗುರುತುಗಳನ್ನೆಲ್ಲ ಒಂದು ಅಭಿಯಾನದಂತೆ ಸರಿಪಡಿಸಬೇಕು. ಯಾವುದೇ ಬದಲಾವಣೆಯನ್ನು ಅನುಮೋದನೆಯಾದ ನಕ್ಷೆಯ ಪ್ರಕಾರ, ಅಧಿಕಾರಿಯ ಎದುರಿನಲ್ಲೇ ಮಾಡಬೇಕು. ಬದಲಾದ ಸರ್ಕ್ಯೂಟನ್ನು ಮತ್ತೆ ಜೋಡಿಸುವ ಮುಂಚೆ ಬೇರೆಯದೇ ಒಂದು ತಂಡ ಪರೀಕ್ಷೆ ಮಾಡಬೇಕು. ಮೂರನೆಯದು ನನಗೆ ತುಂಬ ಮುಖ್ಯ ಎನಿಸುತ್ತದೆ. ಕೆಲಸ ಮಾಡಿದವರಿಗೆ ತಾವು ಏನು ಮಾಡಿದ್ದೇವೆ ಎಂಬ ನಂಬಿಕೆ ಇರುತ್ತದೆ, ಪರೀಕ್ಷೆಯನ್ನೂ ಆ ನಂಬಿಕೆಯ ಒಳಗೇ ಮಾಡುತ್ತಾರೆ.

ಬಹಾನಗಾದಲ್ಲಿ ಗುರುತಿನ ಪ್ರಕಾರ ಮುಟ್ಟಿದ್ದು ಗೇಟು. ಹಾಗಾಗಿ ಗೇಟು ಏಳುತ್ತದೆಯೇ, ಬೀಳುತ್ತದೆಯೇ, ಲಾಕ್ ಆಗುತ್ತದೆಯೇ ಎಂದು ನೋಡುವುದು ಯಾರಿಗಾದರೂ ಹೊಳೆಯುತ್ತದೆ. 17ನೇ ಪಾಯಿಂಟನ್ನು ಪರೀಕ್ಷಿಸಬೇಕು ಎಂದು ಯಾಕೆ ಹೊಳೆಯಬೇಕು? ಏನನ್ನು ಪರೀಕ್ಷಿಸಬೇಕು ಎಂಬುದನ್ನು ತಪ್ಪಾಗಿದ್ದ ಆ ಗುರುತೇ ನಿರ್ಧರಿಸಿಬಿಟ್ಟರೆ ಆ ತಪ್ಪು ಯಾವತ್ತೂ ಸಿಗುವುದಿಲ್ಲ. ಅದಕ್ಕೆ ನನ್ನ ಪ್ರಕಾರ ವ್ಯಾಪ್ತಿಯನ್ನು ಬಾಕ್ಸ್ ನಿರ್ಧರಿಸಬೇಕು. ಒಂದು ಲೊಕೇಷನ್ ಬಾಕ್ಸಿನಲ್ಲಿ ತಂತಿ ಬಿಚ್ಚಿದರೆ ಆ ಬಾಕ್ಸ್ ದಾಟಿ ಹೋಗುವ ಪ್ರತಿಯೊಂದು ಸರ್ಕ್ಯೂಟನ್ನೂ ಪರೀಕ್ಷಿಸಬೇಕು, ಮುಟ್ಟಿಲ್ಲ ಎಂದುಕೊಂಡದ್ದನ್ನೂ ಬಿಡಬಾರದು.

ಪರೀಕ್ಷೆ ಅಂದರೆ ನಾರ್ಮಲ್ ಮಾಡಿದಾಗ ನಾರ್ಮಲ್ ದೀಪ ಬಂತು ಎಂದು ಟಿಕ್ ಹಾಕುವುದು ಸಾಲದು. ಹೊರಗಿನಿಂದ ಕರೆಂಟು ಸೇರಿದ್ದರೆ ಆ ದೀಪ ಹೇಗೂ ಬಂದೇ ಬರುತ್ತದೆ. ಒಬ್ಬರು ಪಾಯಿಂಟ್ ಬಳಿ, ಒಬ್ಬರು ಪ್ಯಾನೆಲ್ ಬಳಿ ಫೋನ್ ಹಿಡಿದು ನಿಲ್ಲಬೇಕು. ಪಾಯಿಂಟನ್ನು ರಿವರ್ಸ್‌ಗೆ ತಿರುಗಿಸಿ ನಾರ್ಮಲ್ ದೀಪ ಆರಿತೇ ಎಂದು ಕೇಳಬೇಕು. ನಡುವೆ ನಿಲ್ಲಿಸಿ ಎರಡೂ ಆರಿದವೇ ಎಂದು ಕೇಳಬೇಕು. ಡಿಟೆಕ್ಷನ್ ತಂತಿಯನ್ನು ಪಾಯಿಂಟ್ ಬಳಿಯೇ ಬಿಚ್ಚಿ, ಬಿಟ್ಟಿದ್ದ ಸಿಗ್ನಲ್ ಕೆಂಪಿಗೆ ಹೋಯಿತೇ ಎಂದು ನೋಡಬೇಕು. ಬರಬಾರದ ಹೊತ್ತಿನಲ್ಲಿ ಬರುತ್ತಿಲ್ಲ ಎಂಬುದು ಖಚಿತವಾದಾಗ ಮಾತ್ರ ಟಿ/351ರ ಮೇಲೆ ಸಹಿ.

ಇದಕ್ಕೆ ಸಮಯ ಬೇಕು. ಓಡಾಟ ಜಾಸ್ತಿ ಇರುವ ಲೈನಿನಲ್ಲಿ ಸಿಗ್ನಲ್‌ನವರಿಗೆ ಸಿಗುವುದು ಎರಡು ಗಾಡಿಗಳ ನಡುವಿನ ಸಮಯ, ಅಷ್ಟರಲ್ಲೂ ಕಂಟ್ರೋಲ್‌ನಿಂದ ಆಯಿತಾ, ಆಯಿತಾ ಎಂದು ಫೋನ್ ಬರುತ್ತಲೇ ಇರುತ್ತದೆ. ಆದ್ದರಿಂದ ಕೆಲಸಕ್ಕೆಂದು ಗಾಡಿ ಓಡಾಟ ತಡೆದು ಕೊಡುವ ಸಮಯದಲ್ಲಿ (ಬ್ಲಾಕ್) ಪರೀಕ್ಷೆಯ ಸಮಯವನ್ನು ಬೇರೆಯಾಗಿಯೇ ಬರೆದು ಕೊಡಬೇಕು, ಕೆಲಸ ತಡವಾದರೆ ಅದನ್ನು ಕತ್ತರಿಸುವ ಅಧಿಕಾರ ಯಾರಿಗೂ ಇರಬಾರದು, ಮುಗಿಯದಿದ್ದರೆ ಗಾಡಿಗಳನ್ನು ಆ ಸ್ಟೇಷನ್ನಿನಲ್ಲಿ ಮೊದಲು ನಿಲ್ಲಿಸಿ, ಪಾಯಿಂಟನ್ನು ಕಣ್ಣಾರೆ ನೋಡಿ, ಕ್ಲ್ಯಾಂಪ್ ಹಾಕಿ ಬೀಗ ಹಾಕಿ, ನಿಧಾನವಾಗಿ ದಾಟಿಸಬೇಕು. ಅದಕ್ಕೆ ನಿಯಮ ಈಗಲೂ ಇದೆ.